ಮುಖ ನೋಡಿ ಮಣೆ ಹಾಕೋದನ್ನು ನಿಲ್ಲಿಸಲು ಬಡಾವಣೆಯಲ್ಲೊಂದು ಕಲಿಕಾ ಸಭೆ: ಹಂತ ಹಂತದ ಮಾರ್ಗದರ್ಶಿ

ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. "ಮೇಡಂ, ಜನಾಂಗೀಯ ತಾರತಮ್ಯದ ಬಗ್ಗೆ ನಮ್ಮ ಲೇಔಟಿನಲ್ಲಿ ಕಾರ್ಯಕ್ರಮ ಮಾಡಿದ್ವಿ. ಬ್ಯಾನರ್ ಕಟ್ಟಿದ್ವಿ, ಮುಖ್ಯ ಅತಿಥಿ ಬಂದ್ರು, ಮೋಮೋ ಸ್ಟಾಲೂ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮುಂದಿನ ವಾರ ಮಣಿಪುರದ ಹುಡುಗಿಯರಿಗೆ ಅದೇ ಬೀದಿಯಲ್ಲಿ ಮನೆ ಕೊಡಲಿಲ್ಲ. ಎಲ್ಲಿ ತಪ್ಪಿದ್ವಿ?"

ತಪ್ಪಿದ್ದು ಕ್ರಮದಲ್ಲಿ. "ನಾವೆಲ್ಲರೂ ಒಂದೇ" ಅನ್ನುವ ಮಾತಿನಿಂದ ಶುರು ಮಾಡಿದರೆ ಯಾರೂ ಇಲ್ಲ ಅನ್ನಲ್ಲ, ಯಾರೂ ಬದಲಾಗಲ್ಲ. ಮನಸ್ಸು ಬದಲಾದ ಮೇಲೆ ನಡತೆ ಬದಲಾಗಲಿ ಎಂದು ಕಾಯುತ್ತಾ ಕೂತರೆ ವರ್ಷಗಳೇ ಕಳೆಯುತ್ತವೆ. ಬೀದಿಯ ಒಂದು ಪದ್ಧತಿಯನ್ನು ಮೊದಲು ಬದಲಿಸಿ. ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ, ಕೆಲವರದ್ದು ಬರದೆಯೂ ಇರಬಹುದು. ಅದು ನಿಮ್ಮ ತಲೆನೋವಲ್ಲ.

ಈಶಾನ್ಯ ರಾಜ್ಯಗಳ ಅಥವಾ ಆಫ್ರಿಕಾ ದೇಶಗಳ ವಿದ್ಯಾರ್ಥಿಗಳು, ಕೆಲಸಗಾರರು ಇರುವ ಬೆಂಗಳೂರಿನ ಬಡಾವಣೆಯೊಂದನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಮೈಸೂರು, ಮಂಗಳೂರು, ಮಣಿಪಾಲದಲ್ಲೂ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡರೆ ನಡೆಯುತ್ತದೆ.

ಬೇಕಾಗುವ ಜನ, ಸಾಮಾನು, ಸಮಯ

ಒಟ್ಟು ಹತ್ತು ವಾರ ಇಟ್ಟುಕೊಳ್ಳಿ. ಅದರಲ್ಲಿ ಸಭೆ ಎರಡೇ ಗಂಟೆ. ಉಳಿದದ್ದೆಲ್ಲ ಓಡಾಟ, ಟೀ ಕುಡಿಯೋದು, ಕೇಳಿಸಿಕೊಳ್ಳೋದು.

ನಡೆಸಿಕೊಡಲು ಇಬ್ಬರು ಬೇಕು. ಒಬ್ಬರು ಆ ಬಡಾವಣೆಯಲ್ಲಿ ಹಳಬರು, ಹಾಲಿನ ಬೂತಿನವರೂ ಹೆಸರು ಹಿಡಿದು ಮಾತಾಡಿಸುವಂಥವರು. ಇನ್ನೊಬ್ಬರು ಗಡಿಯಾರವನ್ನೂ ಕೋಣೆಯಲ್ಲಿರುವವರ ಮುಖಗಳನ್ನೂ ಗಮನಿಸುವವರು. ಒಬ್ಬರೇ ಎರಡೂ ಮಾಡಲು ಹೋಗಿ ಕೆಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಸಾಮಾನು ಜಾಸ್ತಿ ಇಲ್ಲ. ಚಾರ್ಟ್ ಹಾಳೆ, ದಪ್ಪ ಸ್ಕೆಚ್ ಪೆನ್ನು, ಅಂಗೈಯಗಲದ ರಟ್ಟಿನ ಚೀಟಿಗಳು, ಗೋಡೆ ಗಡಿಯಾರ, ಇಪ್ಪತ್ತೈದು ಕುರ್ಚಿ. ಮೈಕ್ ಬೇಡ. ಮೈಕ್ ಇದ್ದರೆ ಭಾಷಣ ಹುಟ್ಟುತ್ತದೆ. ವೇದಿಕೆ, ಹಾರ, ಶಾಲು ಕೂಡ ಬೇಡ. ಅನುಭವ ಹೇಳಲು ಬರುವವರಿಗೆ ಆಟೋ ಖರ್ಚು ಮತ್ತು ಅವರು ಬಿಟ್ಟು ಬಂದ ಅರ್ಧ ದಿನದ ಕೂಲಿ ತೆಗೆದಿಡಿ. ಮುಖ್ಯ ಅತಿಥಿಗೆ ಶಾಲಿಗೆ ದುಡ್ಡಿರುತ್ತದೆ, ಇದಕ್ಕೆ ಮಾತ್ರ ಇರುವುದಿಲ್ಲ ಅಲ್ವಾ?

ಹಂತ 1: ಒಂದೇ ಸಮಸ್ಯೆ ಹಿಡಿಯಿರಿ

ಬಾಡಿಗೆ ಮನೆ, ಅಂಗಡಿಯಲ್ಲಿ ಅಡ್ಡಹೆಸರು, ಶಾಲೆಯಲ್ಲಿ ಮಕ್ಕಳ ಗೇಲಿ, ವಾಟ್ಸಾಪ್ ಗಾಳಿಸುದ್ದಿ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಎಲ್ಲವನ್ನೂ ಒಂದೇ ಸಭೆಗೆ ತುರುಕಿದರೆ ಕೊನೆಗೆ ಉಳಿಯೋದು ನಿಟ್ಟುಸಿರು.

ಮೊದಲ ಸಲ ಮಾಡುವವರಿಗೆ ನಾನು ಹೇಳೋದು ಬಾಡಿಗೆ ಮನೆ. ಕಾರಣ ಇಷ್ಟೇ: ಅದರಲ್ಲಿ ಫಲಿತಾಂಶ ಎಣಿಸಬಹುದು. ಮನೆ ಸಿಕ್ಕಿತು ಅಥವಾ ಸಿಗಲಿಲ್ಲ. "ವಾತಾವರಣ ಸುಧಾರಿಸಿದೆ" ಅನ್ನುವ ಹಾರಿಕೆ ಮಾತಿಗೆ ಜಾಗವಿಲ್ಲ. ಮುಂದಿನ ಹಂತಗಳಲ್ಲಿ ಇದನ್ನೇ ಉದಾಹರಣೆಯಾಗಿ ಬಳಸುತ್ತೇನೆ.

ಹಂತ 2: ಅನುಭವಿಸಿದವರನ್ನು ಮೊದಲು, ಬೇರೆಯಾಗಿ ಕೇಳಿ

ಸಭೆಗೆ ಮೂರು ನಾಲ್ಕು ವಾರ ಮೊದಲೇ ಈ ಕೆಲಸ ಆಗಬೇಕು. ಸಲೂನು, ಬ್ಯೂಟಿ ಪಾರ್ಲರ್, ಹೋಟೆಲು, ಸೆಕ್ಯೂರಿಟಿ, ಆಸ್ಪತ್ರೆ ನರ್ಸಿಂಗ್, ಕಾಲೇಜು ಹಾಸ್ಟೆಲ್. ಇಲ್ಲಿ ಕೆಲಸ ಮಾಡುವ, ಓದುವ ಐದಾರು ಜನರನ್ನು ಅವರ ಬಿಡುವಿನ ಹೊತ್ತಿನಲ್ಲಿ ಕಾಣಿ. ಭಾನುವಾರ ನಮಗೆ ರಜೆ, ಸಲೂನಿನವರಿಗೆ ಉಸಿರಾಡಲೂ ಹೊತ್ತಿಲ್ಲ. ಕೇಳಿಕೊಂಡು ಹೋಗಿ.

"ನಿಮಗೆ ಇಲ್ಲಿ ತಾರತಮ್ಯ ಆಗಿದೆಯಾ?" ಎಂದು ಕೇಳಬೇಡಿ. "ಏನೂ ಇಲ್ಲ, ಎಲ್ಲ ಒಳ್ಳೆಯವರು" ಎಂಬ ಉತ್ತರ ಬರುತ್ತದೆ. ಇಲ್ಲೇ ಬದುಕಬೇಕಲ್ಲ, ಪಾಪ. ಬದಲಿಗೆ ಹೀಗೆ ಕೇಳಿ: ಈ ಮನೆ ಸಿಗುವ ಮೊದಲು ಎಷ್ಟು ಮನೆ ನೋಡಿದಿರಿ? ಫೋನಿನಲ್ಲಿ ಏನು ಹೇಳಿದರು, ಗೇಟಿನ ಹತ್ತಿರ ಏನು ಹೇಳಿದರು? ಅಡ್ವಾನ್ಸ್ ಎಷ್ಟು, ಪಕ್ಕದ ಮನೆಯವರು ಎಷ್ಟು ಕೊಟ್ಟಿದ್ದಾರೆ?

ಒಬ್ಬ ಹುಡುಗಿ ಚೀಟಿಯ ಮೇಲೆ ಮೂರೇ ಸಾಲು ಬರೆದುಕೊಟ್ಟಿದ್ದಳು. "ಫೋನಿನಲ್ಲಿ: ಮನೆ ಖಾಲಿ ಇದೆ, ಬನ್ನಿ. ಗೇಟಿನಲ್ಲಿ: ಮಗಳು ಬರ್ತಾಳೆ, ಕೊಡಲ್ಲ. ಮೂರು ವಾರ ಆದ ಮೇಲೆ: ಟು ಲೆಟ್ ಬೋರ್ಡು ಅಲ್ಲೇ ಇದೆ." ಒಂದು ಗಂಟೆಯ ಭಾಷಣಕ್ಕಿಂತ ಆ ಚೀಟಿ ಜಾಸ್ತಿ ಕೆಲಸ ಮಾಡಿತು.

ಇಂಥ ಚೀಟಿಗಳನ್ನೇ ಸಂಗ್ರಹಿಸಿ. ಹೆಸರು ಬೇಡ, ಮನೆ ನಂಬರ್ ಬೇಡ, ಊರು ಬೇಕಿದ್ದರೆ ಮಾತ್ರ. ಧ್ವನಿ ಮುದ್ರಿಸಬೇಡಿ. ಸಭೆಯಲ್ಲಿ ಇದನ್ನು ಓದಬಹುದೇ ಎಂದು ಪ್ರತಿ ಚೀಟಿಗೂ ಬೇರೆಬೇರೆ ಒಪ್ಪಿಗೆ ಕೇಳಿ.

ಸಾಮಾನ್ಯ ತಪ್ಪು: "ನೀವೇ ಸಭೆಗೆ ಬಂದು ಹೇಳಿಬಿಡಿ" ಎಂದು ಒತ್ತಾಯಿಸುವುದು. ಬರಲೇಬೇಕು ಅಂತಿಲ್ಲ. ಒಬ್ಬಳು ಹುಡುಗಿಯನ್ನು ಮನೆ ಮಾಲೀಕರ ಮುಂದೆ ನಿಲ್ಲಿಸಿ ಅಳಿಸಿದರೆ ಅದಕ್ಕೆ ಕಲಿಕೆ ಅನ್ನುವುದಿಲ್ಲ, ತಮಾಷೆ ನೋಡೋದು ಅನ್ನುತ್ತಾರೆ. ಬರುವವರಿದ್ದರೆ ಇಬ್ಬರು ಮೂವರು ಒಟ್ಟಿಗೆ ಬರಲಿ, ಬೇಡ ಅನಿಸಿದಾಗ ಎದ್ದು ಹೋಗುವ ಬಾಗಿಲು ಹತ್ತಿರವಿರಲಿ.

ಹಂತ 3: ಮನೆ ಮಾಲೀಕರನ್ನೂ ಬ್ರೋಕರುಗಳನ್ನೂ ಅವರವರ ಜಾಗದಲ್ಲೇ ಕಾಣಿ

ಹೆಚ್ಚಿನವರು ಬಿಡುವ ಹಂತ ಇದೇ. ಸಭೆ ಬಿದ್ದುಹೋಗುವುದೂ ಇದರಿಂದಲೇ. ಮಾಲೀಕರ ಜಗುಲಿಯಲ್ಲಿ ಕೂತು ಕೇಳದ ಮಾತು ಸಭೆಯಲ್ಲಿ ಸಿಟ್ಟಾಗಿ ಹೊರಗೆ ಬರುತ್ತದೆ.

ಹೋಗಿ, ಕೂರಿ, ವಾದ ಮಾಡಬೇಡಿ. ಅವರು ಹೇಳಿದ್ದನ್ನೆಲ್ಲ ಎರಡು ಸಾಲಾಗಿ ಬರೆದುಕೊಳ್ಳಿ. ಎಡಗಡೆ "ಆಗಿದ್ದು", ಬಲಗಡೆ "ಆಗಬಹುದು ಅಂದುಕೊಂಡಿದ್ದು". ಪ್ರತಿ ಮಾತಿಗೂ ಮೆತ್ತಗೆ ಒಂದೇ ಪ್ರಶ್ನೆ: "ಅಂಕಲ್, ಇದು ಯಾವ ವರ್ಷ, ಯಾವ ಮನೆಯಲ್ಲಿ ಆಯ್ತು?" ಒಂದು ಬೀದಿ ಮುಗಿಸುವಷ್ಟರಲ್ಲಿ ಬಲಗಡೆಯ ಸಾಲು ಹಾಳೆ ತುಂಬಿರುತ್ತದೆ. ಎಡಗಡೆ ಒಂದೋ ಎರಡೋ. ಆ ಹಾಳೆಯನ್ನು ಜೋಪಾನವಾಗಿಡಿ, ಸಭೆಗೆ ಬೇಕು.

ಬರುವ ಮಾತುಗಳು ಬಹುಪಾಲು ನಾಲ್ಕೇ. ಪೊಲೀಸ್ ರಗಳೆ, ರಾತ್ರಿ ಗಲಾಟೆ, ಅಡುಗೆ ವಾಸನೆ, ಅಕ್ಕಪಕ್ಕದವರು ಏನಂದಾರು.

ಪೊಲೀಸ್ ರಗಳೆಗೆ ಉತ್ತರ ಮಾಹಿತಿ. ವಿದೇಶಿಯರಿಗೆ ಮನೆ ಕೊಟ್ಟರೆ ಮಾಲೀಕರು ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರದ ಫಾರ್ಮನ್ನು (ಹಿಂದೆ ಸಿ ಫಾರ್ಮ್ ಅನ್ನುತ್ತಿದ್ದದ್ದು) ಆನ್‌ಲೈನಿನಲ್ಲಿ ತುಂಬಬೇಕು. ಮಣಿಪುರ, ಮಿಜೋರಾಂ, ಅರುಣಾಚಲದವರು ನಮ್ಮ ದೇಶದವರೇ, ಅವರಿಗೆ ಆ ಫಾರ್ಮ್ ಇಲ್ಲವೇ ಇಲ್ಲ. ಈ ಎರಡನೇ ವಾಕ್ಯವನ್ನು ಎಷ್ಟು ಮನೆಯಲ್ಲಿ ಹೇಳಬೇಕಾಗಿ ಬಂತು ಎಂದು ಹೇಳಲು ನನಗೇ ನಾಚಿಕೆ.

ಗಲಾಟೆಗೆ ಉತ್ತರ ಕರಾರು. ರಾತ್ರಿ ಹತ್ತರ ಮೇಲೆ ಸದ್ದು ಬೇಡ ಎಂದು ಬರೆಯಿರಿ, ಎಲ್ಲ ಬಾಡಿಗೆದಾರರಿಗೂ ಬರೆಯಿರಿ. ದಾವಣಗೆರೆಯಿಂದ ಬಂದ ಇಂಜಿನಿಯರಿಂಗ್ ಹುಡುಗರೂ ಕುಣಿಯುತ್ತಾರೆ.

ವಾಸನೆಯದ್ದು ಸ್ವಲ್ಪ ನಾಜೂಕು. ಸುಳ್ಳು ಹೇಳಬೇಡಿ. ನಾಗಾಲ್ಯಾಂಡಿನವರು ಹುದುಗಿಸಿದ ಸೋಯಾ ಹಾಕಿ ಮಾಡುವ ಅಡುಗೆ ಘಾಟು ಹೌದು. ಹಾಗೆ ನೋಡಿದರೆ ನಮ್ಮ ಕರಾವಳಿಯವರು ಒಣಮೀನು ಸುಟ್ಟಾಗ ಮಲ್ಲಿಗೆ ಪರಿಮಳ ಬರುತ್ತದೆಯೇ? ಒಂದು ಮನೆಯಲ್ಲಿ ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಮೇಲಿನ ಮನೆಯ ಹುಡುಗರ "ನಾತ"ದ ಬಗ್ಗೆ ಅರ್ಧ ಗಂಟೆ ದೂರು ಹೇಳಿದರು. ಹುಡುಗ ಕೆಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಅಜ್ಜಿ ಬಗ್ಗಿ ನೋಡಿದರು. "ಅಯ್ಯೋ, ಇದು ಕಳಲೆ ಅಲ್ವೇನೋ! ಉಪ್ಪುನೀರಲ್ಲಿ ಹಾಕಿಟ್ಟಿದೀಯ?" ಬಿದಿರಿನ ಮೊಳಕೆ ಅವರ ಮಲೆನಾಡಿನಲ್ಲಿ ಮಳೆಗಾಲದ ಅಡುಗೆ. ಅಜ್ಜಿ ಆ ದಿನ ಬದಲಾಗಿಬಿಟ್ಟರು ಎಂದೇನೂ ಹೇಳುವುದಿಲ್ಲ. "ನಾತ" ಅನ್ನುವ ಪದ ಬಿಟ್ಟರು, ಅಷ್ಟೇ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ದೂರೂ ನಿಂತಿತು.

ನಾಲ್ಕನೆಯದಕ್ಕೆ, ಅಂದರೆ ಅಕ್ಕಪಕ್ಕದವರ ಭಯಕ್ಕೆ, ಒಬ್ಬೊಬ್ಬರನ್ನೇ ಒಪ್ಪಿಸಿ ಪ್ರಯೋಜನವಿಲ್ಲ. ಸಭೆ ಬೇಕಾಗಿರುವುದು ಅದಕ್ಕೇ.

ಹಂತ 4: ಕರೆಯೋಲೆ, ಜಾಗ, ಹೊತ್ತು

ಕರೆಯೋಲೆಯಲ್ಲಿ "ವರ್ಣಭೇದ" ಎಂದು ಬರೆದರೆ ಜನ ದಕ್ಷಿಣ ಆಫ್ರಿಕಾ, ಗಾಂಧೀಜಿ, ರೈಲು ಎಂದು ಯೋಚಿಸುತ್ತಾರೆ. "ಜನಾಂಗೀಯ ತಾರತಮ್ಯ ವಿರೋಧಿ ಜಾಗೃತಿ" ಎಂದರೆ ಪರೀಕ್ಷೆಯ ಪ್ರಬಂಧ. "ನಮ್ಮ ಬೀದಿಯಲ್ಲಿ ಬಾಡಿಗೆ ಮನೆ: ಮಾಲೀಕರ ಕಷ್ಟ, ಬಾಡಿಗೆದಾರರ ಕಷ್ಟ" ಎಂದು ಬರೆಯಿರಿ. ಮೋಸವಲ್ಲ, ನಡೆಯುವುದೂ ಅದೇ. ಕೆಳಗೆ ಒಂದು ಸಾಲು ಸೇರಿಸಿ: "ಮುಖ ನೋಡಿ ಮಣೆ ಹಾಕುವ ಬಗ್ಗೆಯೂ ಮಾತಾಡೋಣ."

ಜಾಗ ಯಾರಿಗೂ ಸೇರದ್ದಾಗಿರಲಿ. ಸರ್ಕಾರಿ ಶಾಲೆಯ ಕೋಣೆ, ಗ್ರಂಥಾಲಯ, ಅಪಾರ್ಟ್‌ಮೆಂಟಿನ ಟೆರೇಸು. ದೇವಸ್ಥಾನದ ಸಭಾಂಗಣವಾಗಲಿ ಚರ್ಚಿನ ಹಾಲಾಗಲಿ ಬೇಡ, ಅರ್ಧ ಜನ ಹೊರಗೇ ಉಳಿಯುತ್ತಾರೆ. ಇಪ್ಪತ್ತೈದಕ್ಕಿಂತ ಜಾಸ್ತಿ ಜನ ಬೇಡ. ಅದರಲ್ಲಿ ಹತ್ತು ಜನವಾದರೂ ಮನೆ ಮಾಲೀಕರು, ಇಬ್ಬರು ಬ್ರೋಕರುಗಳು ಇರಲೇಬೇಕು. ಮೊದಲೇ ಒಪ್ಪಿರುವವರೇ ತುಂಬಿದ ಕೋಣೆಯಲ್ಲಿ ಕಲಿಕೆ ನಡೆಯಲ್ಲ.

ಹಂತ 5: ಸಭೆಯ ಎರಡು ಗಂಟೆ

ಕುರ್ಚಿ ದುಂಡಗೆ ಹಾಕಿ. ಮಾಲೀಕರು ಒಂದು ಕಡೆ, ಬಾಡಿಗೆದಾರರು ಒಂದು ಕಡೆ ಕೂರದಂತೆ ಮೊದಲೇ ನೋಡಿಕೊಳ್ಳಿ.

ಮೊದಲ ಹತ್ತು ನಿಮಿಷ: ಮೂರು ನಿಯಮ ಹೇಳಿ. ಒಬ್ಬರು ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡುವಂತಿಲ್ಲ. ಫೋಟೋ, ವಿಡಿಯೋ ಇಲ್ಲ. ಒಬ್ಬರನ್ನು ಅವರ ಇಡೀ ರಾಜ್ಯದ, ದೇಶದ ಪರವಾಗಿ ಉತ್ತರ ಕೇಳುವಂತಿಲ್ಲ. "ನಿಮ್ಮವರು ಯಾಕೆ ಹೀಗೆ?" ಎಂಬ ಪ್ರಶ್ನೆ ಬಂದ ತಕ್ಷಣ ಗಡಿಯಾರದವರು ಕೈ ಎತ್ತಬೇಕು.

ಮುಂದಿನ ಇಪ್ಪತ್ತೈದು ನಿಮಿಷ: ಹಂತ 2ರ ಚೀಟಿಗಳನ್ನು ಓದಿಸಿ. ಓದುವವರು ಮಾಲೀಕರೇ ಆಗಿರಲಿ. ಬೇರೆಯವರ ಅನುಭವವನ್ನು "ನಾನು" ಎಂದು ತಮ್ಮ ಬಾಯಲ್ಲೇ ಓದಿದಾಗ ಧ್ವನಿ ಸ್ವಲ್ಪ ತಗ್ಗುತ್ತದೆ, ಗಮನಿಸಿ ನೋಡಿ. ಓದಿದ ಮೇಲೆ ಚರ್ಚೆ ಬೇಡ. ಒಂದು ನಿಮಿಷ ಸುಮ್ನೆ ಬಿಡಿ. ಆ ಮೌನಕ್ಕೆ ಹೆದರಿ ನೀವೇ ಮಾತಾಡಲು ಶುರು ಮಾಡಬೇಡಿ.

ಅಡ್ಡಹೆಸರುಗಳ ಪ್ರಸ್ತಾಪ ಬರುತ್ತದೆ. ಬೋರ್ಡಿನ ಮೇಲೆ ಪಟ್ಟಿ ಮಾಡಬೇಡಿ. ಆ ಪದಗಳನ್ನು ಕೇಳಿಸಿಕೊಂಡವರು ಕೋಣೆಯಲ್ಲೇ ಇರುತ್ತಾರೆ, ಎರಡು ಗಂಟೆ ಅದನ್ನೇ ನೋಡುತ್ತಾ ಕೂರಬೇಕೇ?

ಆಮೇಲಿನ ಅರ್ಧ ಗಂಟೆ: ಒಂದು ನಿಜ ಘಟನೆಯನ್ನು ಗೆರೆ ಎಳೆದು ನೋಡಿ. ನಾನು ಬಳಸುವುದು ನಮ್ಮದೇ ಊರಿನದು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಅದಾಗಿ ಸುಮಾರು ಅರ್ಧ ಗಂಟೆಗೆ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು ತಾಂಜಾನಿಯಾದ ವಿದ್ಯಾರ್ಥಿನಿ. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಗುಂಪು ಅವಳ ಮೇಲೆ ಬಿತ್ತು, ಕಾರಿಗೆ ಬೆಂಕಿ ಹಚ್ಚಿತು.

ಚಾರ್ಟಿನ ಮೇಲೆ ಅಡ್ಡಗೆರೆ ಎಳೆಯಿರಿ. ಒಂದು ತುದಿಯಲ್ಲಿ ಅಪಘಾತ, ಇನ್ನೊಂದು ತುದಿಯಲ್ಲಿ ಬೆಂಕಿ. ನಡುವೆ ಅರ್ಧ ಗಂಟೆ. ಕೇಳಿ: ಈ ಅರ್ಧ ಗಂಟೆಯಲ್ಲಿ ಅಲ್ಲಿ ಯಾರು ಯಾರು ನಿಂತಿದ್ದಿರಬಹುದು? ಅಂಗಡಿಯವರು, ಆಟೋದವರು, ಬಸ್ಸಿಗೆ ಕಾಯುವವರು. ಅವರಲ್ಲಿ ಯಾರು ಏನು ಮಾಡಬಹುದಿತ್ತು? "ಅವಳು ಬೇರೆ, ಅವನು ಬೇರೆ" ಎಂಬ ಮಾತನ್ನು ಮೊದಲು ಯಾರು ಹೇಳಬಹುದಿತ್ತು? ಉತ್ತರಗಳನ್ನು ಗೆರೆಯ ಮೇಲೆ ಬರೆಯುತ್ತಾ ಹೋಗಿ. ಜನ ಇಲ್ಲಿ ಜನಾಂಗೀಯ ತಾರತಮ್ಯ ಅಂದರೇನು ಎಂದು ವ್ಯಾಖ್ಯೆಯಿಲ್ಲದೆ ಹಿಡಿದುಬಿಡುತ್ತಾರೆ: ಒಬ್ಬನ ತಪ್ಪಿಗೆ ಅವನ ಬಣ್ಣದ ಇನ್ನೊಬ್ಬರಿಂದ ಲೆಕ್ಕ ಕೇಳೋದು. ಇದೇ ಜಾಗದಲ್ಲಿ ಹಂತ 3ರ ಹಾಳೆ ಹೊರಗೆ ತೆಗೆಯಿರಿ, ಬಲಗಡೆಯ ಸಾಲನ್ನು ಓದಿ. "ಯಾರೋ ಒಬ್ಬ ಬಾಡಿಗೆ ಕೊಡದೆ ಹೋದ, ಅದಕ್ಕೇ ಈಗ ಯಾರಿಗೂ ಕೊಡಲ್ಲ." ಅದೇ ಲೆಕ್ಕ, ಸಣ್ಣ ಅಳತೆಯಲ್ಲಿ.

ಸಮಸ್ಯೆ ಗಾಳಿಸುದ್ದಿಯದಾಗಿದ್ದರೆ 2012ರ ಆಗಸ್ಟ್ ತೆಗೆದುಕೊಳ್ಳಿ. ಹಲ್ಲೆಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು ಹಬ್ಬಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹಿಡಿದು ಬೆಂಗಳೂರು ಬಿಟ್ಟರು. ವಿಶೇಷ ರೈಲು ಓಡಿಸಬೇಕಾಯಿತು. ದಿನಕ್ಕೆ ಐದಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ಮಿತಿ ಹಾಕಿತು. "ಆ ವಾರ ನಿಮ್ಮ ಪಕ್ಕದ ಮನೆಯವರು ಹೊರಟಾಗ ನೀವು ಏನಂದಿರಿ?" ಎಂದು ಕೇಳಿದರೆ ಸಾಕು.

ಎಚ್ಚರಿಕೆ: 1968ರಲ್ಲಿ ಅಮೆರಿಕದ ಅಯೋವಾದ ಶಿಕ್ಷಕಿ ಜೇನ್ ಎಲಿಯಟ್ ಮಾಡಿದ ಪ್ರಯೋಗವನ್ನು ಅಂತರ್ಜಾಲದಲ್ಲಿ ನೋಡಿ ಇಲ್ಲಿ ಮಾಡಲು ಹೋಗಬೇಡಿ. ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಕೀಳಾಗಿ ನಡೆಸಿಕೊಂಡು ತೋರಿಸಿದ ಪಾಠ ಅದು. ತರಬೇತಿ ಇಲ್ಲದವರು ಮಾಡಿದರೆ ಅವಮಾನ ಮಾತ್ರ ಉಳಿಯುತ್ತದೆ. ಜಾತಿ ಹೆಸರಲ್ಲಿ ಅದನ್ನು ದಿನಾ ಉಂಡವರು ಅದೇ ಕೋಣೆಯಲ್ಲಿ ಕೂತಿರುತ್ತಾರೆ.

ಉಳಿದ ಐವತ್ತೈದು ನಿಮಿಷವನ್ನು ಮುಂದಿನ ಮೂರು ಹಂತಗಳಿಗೆ ಹಂಚಿ.

ಹಂತ 6: "ಅವರು ಕನ್ನಡ ಕಲಿಯಲ್ಲ" ಎಂಬ ಮಾತು ಬಂದಾಗ

ಬಂದೇ ಬರುತ್ತದೆ. ಇದಕ್ಕೆ ತಯಾರಿಲ್ಲದೆ ಹೋದವರ ಸಭೆ ಇಲ್ಲೇ ಮುಗಿದಿದೆ. ಎರಡು ತಪ್ಪುಗಳಾಗುತ್ತವೆ. ಒಂದು, "ಭಾಷೆ ಮುಖ್ಯವಲ್ಲ ಬಿಡಿ" ಎಂದು ತಳ್ಳಿಹಾಕೋದು. ಬೆಂಗಳೂರಿನಲ್ಲಿ ಕನ್ನಡದವರ ಸಂಕಟ ನಿಜವಾದದ್ದು. ಅದನ್ನು ಕಡೆಗಣಿಸಿದರೆ ನೀವು ಹೊರಗಿನವರಾಗುತ್ತೀರಿ. ಎರಡು, ಆ ಮಾತಿನ ಹಿಂದೆಯೇ ಹೋಗಿ ಇಡೀ ಸಭೆಯನ್ನು ಕನ್ನಡದ ಅಳಿವು ಉಳಿವಿಗೆ ಬಿಟ್ಟುಕೊಡೋದು.

ಮೂರು ಪ್ರಶ್ನೆ ಕೇಳಿ, ಇದೇ ಕ್ರಮದಲ್ಲಿ.

ಮೊದಲನೆಯದು: "ಹೋದ ವರ್ಷ ನೀವು ಮನೆ ಕೊಟ್ಟ ದೆಹಲಿಯ ಸಾಫ್ಟ್‌ವೇರ್ ದಂಪತಿಗೆ ಕನ್ನಡ ಬರುತ್ತಿತ್ತಾ?" ಸಾಮಾನ್ಯವಾಗಿ ನಗು ಬರುತ್ತದೆ.

ಎರಡನೆಯದು: "ಕನ್ನಡ ಬರುವ, ಆದರೆ ಮುಖ ಬೇರೆ ಥರ ಇರುವವರಿಗೆ ಕೊಟ್ಟಿದ್ದೀರಾ?" ಇಲ್ಲಿ ಸಿದ್ದಿಗಳ ಮಾತು ತನ್ನಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕಿರುವ ಕನ್ನಡ ನಾಡಿನವರು. ಆಫ್ರಿಕಾ ಮೂಲದವರು. ಕನ್ನಡ, ಕೊಂಕಣಿ, ಮರಾಠಿ ಆಡುತ್ತಾರೆ. ಆ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ನಮ್ಮ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅಂಥ ಊರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಮನೆ ಕೇಳಿಕೊಂಡು ಬಂದರೆ ಮೊದಲ ಪ್ರಶ್ನೆ ಏನಿರುತ್ತದೆ? "ವಿಚ್ ಕಂಟ್ರಿ?" ಅವನು "ಉತ್ತರ ಕನ್ನಡ ಸಾರ್" ಅಂದರೆ? ಬೈಲುಕುಪ್ಪೆಯಲ್ಲೇ ಹುಟ್ಟಿ ಮೈಸೂರು ಕನ್ನಡ ಆಡುವ ಟಿಬೆಟಿಯನ್ ಹುಡುಗಿಯದ್ದೂ ಇದೇ ಕಥೆ.

ಮೂರನೆಯದು: "ಹಾಗಾದರೆ ನಾವು ನೋಡುತ್ತಿರೋದು ಭಾಷೆಯನ್ನೋ ಮುಖವನ್ನೋ?" ಉತ್ತರ ನೀವು ಹೇಳಬೇಡಿ. ಕೋಣೆಯಲ್ಲಿ ಯಾರಾದರೂ ಹೇಳುತ್ತಾರೆ. ಹೇಳಿದವರು ಮಾಲೀಕರಾಗಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಇದಾದ ಮೇಲೆ ಕನ್ನಡ ಕಲಿಸುವ ಮಾತು ಬಂದರೆ ಖುಷಿಯಿಂದ ತೆಗೆದುಕೊಳ್ಳಿ. ವಾರಕ್ಕೊಂದು ಗಂಟೆ ಯಾರು ಕಲಿಸುತ್ತೀರಿ ಎಂದು ಅಲ್ಲೇ ಹೆಸರು ಬರೆಸಿಕೊಳ್ಳಿ. ಹೆಸರು ಕೊಟ್ಟವರ ಪ್ರೀತಿ ನಿಜವಾದದ್ದು. ಕೊಡದವರದ್ದೂ ಗೊತ್ತಾಯಿತು.

"ನಮ್ಮ ಮಗ ಅಮೆರಿಕದಲ್ಲಿ ಇದೇ ಅನುಭವಿಸಿದ" ಎಂದು ಒಬ್ಬರಾದರೂ ಹೇಳುತ್ತಾರೆ. ಎರಡು ನಿಮಿಷ ಕೊಡಿ, ಜಾಸ್ತಿ ಬೇಡ. ನಾವು ಪಟ್ಟ ಕಷ್ಟ ಹೇಳಿಕೊಳ್ಳುವುದರಲ್ಲಿ ನಾವು ಕೊಟ್ಟ ಕಷ್ಟ ಮರೆತುಹೋಗುತ್ತದೆ. ಒಂದು ಮಾತು ಮಾತ್ರ ಸೇರಿಸಿ: ಅಲ್ಲಿ ಜನಾಂಗ ನೋಡಿ ಮನೆ ಕೊಡದಿರುವುದು 1968ರಿಂದ ಕಾನೂನಿಗೆ ವಿರುದ್ಧ.

ಹಂತ 7: ನೋಡುತ್ತಾ ನಿಲ್ಲುವವರಿಗೆ ತಾಲೀಮು

ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಯಾರೋ ಯಾರನ್ನೋ ಗೇಲಿ ಮಾಡುತ್ತಾರೆ. ನಮಗೆ ಬೇಸರವಾಗುತ್ತದೆ, ಬಾಯಿ ಮಾತ್ರ ಬರುವುದಿಲ್ಲ. ಬಾಯಿಗೆ ತಾಲೀಮು ಬೇಕು. ಇಬ್ಬಿಬ್ಬರಾಗಿ ಎದ್ದು ನಿಂತು ಆಡಿ ತೋರಿಸಲಿ.

ಮೊದಲು ಕಲಿಸಬೇಕಾದ್ದು ಜಗಳವಲ್ಲ, ಗಮನ ತಪ್ಪಿಸೋದು. ಗೇಲಿಗೆ ಒಳಗಾದವರ ಪಕ್ಕ ಹೋಗಿ "ಟೈಮ್ ಎಷ್ಟಾಯ್ತು?" ಅಂದರೂ ಸಾಕು. ಅಂಗಡಿಯವರಿಗಾದರೆ "ಅಣ್ಣಾ, ಅದು ಬಿಡಿ, ನಂಗೆ ಅರ್ಧ ಲೀಟರ್ ಹಾಲು ಕೊಡಿ, ಇವರದ್ದೂ ಬಿಲ್ ಮಾಡಿ." ಎರಡನೆಯದು, ಬೇರೆಯವರನ್ನು ಸೇರಿಸಿಕೊಳ್ಳೋದು: ಸೆಕ್ಯೂರಿಟಿ, ಕಂಡಕ್ಟರ್, ಜೋರಾದರೆ 112. ಮೂರನೆಯದು, ದೂರ ನಿಂತು ದಾಖಲಿಸೋದು. ಆ ವಿಡಿಯೋ ಪೆಟ್ಟು ತಿಂದವರದ್ದು, ನಿಮ್ಮದಲ್ಲ. ಅವರಿಗೆ ಕೊಡಿ, ಗ್ರೂಪಿಗೆ ಹಾಕಬೇಡಿ. ನಾಲ್ಕನೆಯದು, ಎಲ್ಲ ಮುಗಿದ ಮೇಲೆ "ನೋಡಿದೆ, ತಪ್ಪು ಅವರದ್ದು. ಮನೆವರೆಗೂ ಜೊತೆಗೆ ಬರ್ಲಾ?" ಎಂದು ಕೇಳೋದು. ನೇರವಾಗಿ ತಡೆಯುವುದು ಕೊನೆಗೆ, ಪರಿಸ್ಥಿತಿ ಅಪಾಯವಿಲ್ಲ ಅನಿಸಿದರೆ ಮಾತ್ರ. "ಹಂಗೆ ಕರೀಬೇಡ ಗುರು, ಹೆಸರಿದೆ ಅವರಿಗೆ." ಇಷ್ಟು ಚಿಕ್ಕದಾಗಿರಲಿ. ಉಪದೇಶ ಶುರುವಾದರೆ ಜಗಳ ಬೆಳೆಯುತ್ತದೆ.

ಹಂತ 8: ಎದ್ದು ಹೋಗುವ ಮೊದಲು ಒಂದು ನಿರ್ಣಯ

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗಲು ಜನಾಂಗ, ಹುಟ್ಟಿದ ಊರಿನ ಹೆಸರಲ್ಲಿ ಯಾವ ನಾಗರಿಕರನ್ನೂ ತಡೆಯುವಂತಿಲ್ಲ ಎನ್ನುತ್ತದೆ. ಖಾಸಗಿ ಬಾಡಿಗೆ ಮನೆಯ ಹೆಸರು ಅದರಲ್ಲಿಲ್ಲ. ಈಶಾನ್ಯದವರ ಸಮಸ್ಯೆಗಳ ಬಗ್ಗೆ ಬೆಜ್‌ಬರುವಾ ಸಮಿತಿ 2014ರಲ್ಲಿ ವರದಿ ಕೊಟ್ಟಿತು, ಕಾನೂನು ಬಿಗಿ ಮಾಡಲು ಹೇಳಿತು. ಅದಕ್ಕೆ ಕಾಯುತ್ತಾ ಕೂರದೆ ಬೀದಿಯ ಮಟ್ಟದಲ್ಲಿ ಒಂದು ಒಪ್ಪಂದ ಮಾಡಿಕೊಳ್ಳೋದು ನಮ್ಮ ಕೈಯಲ್ಲಿದೆ.

ನಾನು ಒತ್ತಾಯಿಸುವುದು ಒಂದು ಹಾಳೆಗೆ. ಮನೆ ಕೇಳಿ ಬಂದ ಎಲ್ಲರಿಗೂ ಒಂದೇ ಅರ್ಜಿ: ಎಷ್ಟು ಜನ, ಕೆಲಸ ಅಥವಾ ಓದು, ಎಷ್ಟು ತಿಂಗಳು, ಗುರುತಿನ ಚೀಟಿ. ಬಾಡಿಗೆ ಮತ್ತು ಅಡ್ವಾನ್ಸ್ ಮೊದಲೇ ಅಚ್ಚಾಗಿರಬೇಕು, ಮುಖ ನೋಡಿ ತುಂಬುವ ಖಾಲಿ ಜಾಗ ಇರಬಾರದು. ಕೊಡದಿದ್ದರೆ ಕಾರಣವನ್ನು ಬ್ರೋಕರ್ ಒಂದು ಸಾಲು ಬರೆಯಬೇಕು. ಬರೆಯುವಾಗ ಎಷ್ಟೋ ಕಾರಣಗಳು ತಾವಾಗೇ ಬಿದ್ದುಹೋಗುತ್ತವೆ.

ಎಲ್ಲರೂ ಸಹಿ ಹಾಕುವುದಿಲ್ಲ. ಹತ್ತರಲ್ಲಿ ನಾಲ್ಕು ಮಾಲೀಕರು ಹಾಕಿದರೂ ಮುಂದುವರಿಯಿರಿ. ಹಾಕದವರ ಹೆಸರು ಓದಿ ನಾಚಿಸಬೇಡಿ.

ಹಲ್ಲೆ, ಬೆದರಿಕೆ ನಡೆದಾಗ ಏನು ಮಾಡಬೇಕು ಎಂಬುದನ್ನು ಅದೇ ಹಾಳೆಯ ಹಿಂದೆ ಅಚ್ಚು ಹಾಕಿ. ತುರ್ತಿಗೆ 112. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, "ನಮ್ಮ ವ್ಯಾಪ್ತಿಯಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಜನಾಂಗ, ಹುಟ್ಟಿದ ಊರು, ಭಾಷೆಯ ಹೆಸರಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಅಪರಾಧ. ತೊಂದರೆಗೊಳಗಾದವರು ಪರಿಶಿಷ್ಟ ಪಂಗಡದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಬಗ್ಗೆ ವಕೀಲರನ್ನು ಕೇಳಿ. ಬೈದ ಮಾತನ್ನು ಇದ್ದ ಹಾಗೇ ದೂರಿನಲ್ಲಿ ಬರೆಸಿ. "ಜಗಳವಾಯಿತು" ಎಂದಷ್ಟೇ ಬರೆದರೆ ಜನಾಂಗದ ಅಂಶವೇ ಮಾಯವಾಗುತ್ತದೆ.

ಸಭೆ ಕೆಡುತ್ತಿದೆ ಎಂಬುದರ ಗುರುತುಗಳು

ಅನುಭವ ಹೇಳಲು ಬಂದವರು ನಗುತ್ತಾ "ಪರವಾಗಿಲ್ಲ, ಪರವಾಗಿಲ್ಲ" ಎಂದು ಮೂರನೇ ಸಲ ಹೇಳಿದರೆ ಟೀ ವಿರಾಮ ಕೊಡಿ. ಅವರು ಕೋಣೆಯನ್ನು ಸಮಾಧಾನಪಡಿಸುವ ಕೆಲಸಕ್ಕೆ ಬಿದ್ದಿದ್ದಾರೆ. ಅದು ಅವರ ಕೆಲಸವಲ್ಲ.

ಒಬ್ಬರೇ ಹತ್ತು ನಿಮಿಷದಿಂದ ಮಾತಾಡುತ್ತಿದ್ದಾರೆ, ಉಳಿದವರು ಮೊಬೈಲ್ ನೋಡುತ್ತಿದ್ದಾರೆ. ಎದ್ದು ನಿಲ್ಲಿ, ನಿಯಮ ನೆನಪಿಸಿ. ಯಾರೋ ಪಕ್ಷದ ಹೆಸರೆತ್ತಿದರು, ಅಥವಾ ಕಾರ್ಪೊರೇಟರ್ ಆಸೆಯವರು ಫೋಟೋಗ್ರಾಫರ್ ಜೊತೆ ಬಂದರು. ಬಾಗಿಲಲ್ಲೇ ಕೈಮುಗಿದು ಟೀ ಕೊಟ್ಟು ಕಳಿಸಿ.

ಎಲ್ಲರೂ ತುಂಬಾ ಒಪ್ಪುತ್ತಿದ್ದಾರೆಯೇ? ಎಲ್ಲಕ್ಕಿಂತ ದೊಡ್ಡ ಅಪಾಯ ಅದೇ. ಬ್ರೋಕರನ್ನು ನೋಡಿ ಕೇಳಿ: "ನಿಜ ಹೇಳಿ, ನಾಳೆ ಬೆಳಗ್ಗೆ ನಿಮಗೆ ಏನು ಕಷ್ಟ ಬರುತ್ತೆ?"

ಹಂತ 9: ಆರು ವಾರದ ಮೇಲೆ

ಮೊದಲು ಹಂತ 2ರಲ್ಲಿ ಚೀಟಿ ಕೊಟ್ಟವರ ಹತ್ತಿರ ಹೋಗಿ, ಏನಾಯಿತು ಎಂದು ಹೇಳಿ. ಅವರ ಮಾತು ತೆಗೆದುಕೊಂಡು ಹೋಗಿ ಮುಖ ತೋರಿಸದೆ ಇರುವವರೇ ಜಾಸ್ತಿ.

ಮೋಮೋ ಸ್ಟಾಲು ಇಡುವುದಿದ್ದರೆ ಈಗ ಇಡಿ. ಅದನ್ನೂ ಒಂದು ಕಡೆಯವರು ಬಡಿಸಿ ಇನ್ನೊಂದು ಕಡೆಯವರು ತಿಂದು ಹೋಗುವ ಹಾಗೆ ಮಾಡಬೇಡಿ. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಹೇಳಿದ್ದರು: ಸುಮ್ನೆ ಭೇಟಿಯಾದರೆ ಸಾಲದು, ಇಬ್ಬರೂ ಸಮಾನರಾಗಿ ಒಂದೇ ಗುರಿಗೆ ಒಟ್ಟಿಗೆ ಕೆಲಸ ಮಾಡಬೇಕು, ಹಿರಿಯರ ಬೆಂಬಲವೂ ಇರಬೇಕು. ರಾಜ್ಯೋತ್ಸವದ ಪೆಂಡಾಲು ಕಟ್ಟುವುದಾಗಲಿ ಬೀದಿಯ ಕಸದ ಸಮಸ್ಯೆಯಾಗಲಿ, ಕೆಲಸ ಹಂಚಿಕೊಳ್ಳುವ ಸಮಿತಿಯಲ್ಲೇ ಎರಡೂ ಕಡೆಯವರ ಹೆಸರು ಸೇರಿಸಿ.

ಕೊನೆಗೆ ಲೆಕ್ಕ. ಸಹಿ ಹಾಕಿದ ಮನೆಗಳಲ್ಲಿ ಎಷ್ಟು ಖಾಲಿಯಾದವು, ಯಾರಿಗೆ ಹೋದವು, ಅಡ್ವಾನ್ಸ್ ಎಷ್ಟು. ಬ್ರೋಕರ್ ಬಳಿಯ ಅರ್ಜಿ ಹಾಳೆಗಳನ್ನು ಒಂದು ಸಂಜೆ ಕೂತು ಎಣಿಸಿ. ಹಾಳೆ ತುಂಬಿಸಿಕೊಂಡೂ ಮೂರು ಜನಕ್ಕೆ ಇಲ್ಲ ಅಂದ ಮನೆ ಸಿಕ್ಕರೆ ಇನ್ನೊಂದು ಸಭೆ ಕರೆಯಬೇಡಿ. ಹಂತ 3ಕ್ಕೆ ವಾಪಸ್ ಹೋಗಿ. ಆ ಒಂದೇ ಮನೆಗೆ, ಸಂಜೆ ಕಾಫಿ ಹೊತ್ತಿಗೆ, ಎರಡು ಸಾಲಿನ ಹಾಳೆ ಹಿಡಿದುಕೊಂಡು.